ಬರುವವರು, ಹೋಗುವವರು

ಅಪ್ಪ ತೀರಿಕೊಂಡಾಗ ಬಳ್ಳಾರಿಯಲ್ಲಿ ಹಂಚಿದ ಶಿವಗಣಾರಾಧನೆಯ ಕಾರ್ಡಿನಲ್ಲಿ ‘ಲಿಂಗೈಕ್ಯ’ ಎಂದು ಅಚ್ಚಾಗಿತ್ತು. ಕರಡು ತಿದ್ದಿದವನು ನಾನೇ. ಲಿಂಗದಲ್ಲಿ ಒಂದಾದ ಮೇಲೆ ಬೇರೆಯಾಗಿ ಉಳಿಯಲು ಅಪ್ಪ ಎಲ್ಲಿದ್ದಾನೆ? ಆದರೂ ಮಹಾಲಯ ಅಮಾವಾಸ್ಯೆ ಬಂತೆಂದರೆ ಅವ್ವ ಎಡೆ ಇಡುತ್ತಾಳೆ. ಹೋಳಿಗೆ, ತುಪ್ಪ, ಅವನಿಗೆ ಇಷ್ಟವೆಂದು ಒಗ್ಗರಣೆ ಮಂಡಕ್ಕಿ, ಮಿರ್ಚಿ, ಪಕ್ಕದಲ್ಲೊಂದು ಬೀಡಿ ಕಟ್ಟು. ಬಾಗಿಲು ಮುಂದಕ್ಕೆ ಮಾಡಿ ನಾವೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಬಂದವನು ನಿರಾಳವಾಗಿ ಉಣ್ಣಲಿ ಎಂದು.

ನಾನೀಗ ಮಡಗಾಂವ್‌ನಲ್ಲಿದ್ದೇನೆ. ಪಕ್ಕದ ಮನೆಯ ಆಂಟಿ ಕ್ಯಾಥೊಲಿಕ್. ಪ್ರತಿ ನವೆಂಬರ್ 2ರಂದು ಹೂವು, ಮೇಣದಬತ್ತಿ ಹಿಡಿದು ಗಂಡನ ಸಮಾಧಿಗೆ ಹೋಗುತ್ತಾರೆ. ಅಂದು ಸತ್ತವರೆಲ್ಲರ ಸ್ಮರಣೆಯ ದಿನ. ಸಾವಿರ ವರ್ಷಗಳ ಹಿಂದೆ ಫ್ರಾನ್ಸಿನ ಕ್ಲೂನಿ ಮಠದ ಓಡಿಲೋ ತನ್ನ ಮಠಗಳಲ್ಲಿ ಆರಂಭಿಸಿದ ರೂಢಿ ಊರೂರಿಗೆ ಹಬ್ಬಿತು. ಸ್ವರ್ಗಕ್ಕೆ ಮುಂಚೆ ಆತ್ಮ ಶುದ್ಧಿಗೊಳ್ಳುವ ಒಂದು ಸ್ಥಿತಿ ಇದೆ, ಬದುಕಿರುವವರ ಪ್ರಾರ್ಥನೆ ಅಲ್ಲಿರುವವರಿಗೆ ನೆರವಾಗುತ್ತದೆ ಎಂಬುದು ಅವರ ನಂಬಿಕೆ. ಪ್ರಾಟೆಸ್ಟಂಟರು ಇದನ್ನು ಒಪ್ಪುವುದಿಲ್ಲ. ಆದರೆ ಕೊನೆಯ ದಿನ ಸತ್ತವರು ದೇಹಸಹಿತ ಏಳುತ್ತಾರೆ ಎಂಬುದರಲ್ಲಿ ಇಬ್ಬರಿಗೂ ಜಗಳವಿಲ್ಲ.

‘ಅಂಕಲ್ ಬರುತ್ತಾರೆಯೇ?’ ಎಂದು ಒಮ್ಮೆ ಕೇಳಿದೆ. ಆಂಟಿ ನನ್ನನ್ನು ವಿಚಿತ್ರವಾಗಿ ನೋಡಿದರು. ‘ಅವನೇಕೆ ಬರಬೇಕು? ನಾನೇ ಹೋಗುತ್ತೇನಲ್ಲ.’

ಆ ಮಾತು ನನ್ನಲ್ಲಿ ಉಳಿದುಬಿಟ್ಟಿತು. ನಮ್ಮಲ್ಲಿ ಸತ್ತವರು ಬರುತ್ತಾರೆ. ಅವರಲ್ಲಿ ಇದ್ದವರು ಹೋಗುತ್ತಾರೆ. ಇದೇ ಮಾತು ಬೈಬಲ್ಲಿನ ಸಮುವೇಲನ ಎರಡನೆಯ ಗ್ರಂಥದಲ್ಲಿದೆ ಎಂದು ಅವರೇ ತೋರಿಸಿದರು. ದಾವೀದ ರಾಜನ ಕೂಸಿಗೆ ಕಾಯಿಲೆ. ಅವನು ಉಪವಾಸವಿದ್ದು ನೆಲದ ಮೇಲೆ ಬಿದ್ದುಕೊಂಡು ದೇವರನ್ನು ಬೇಡುತ್ತಾನೆ. ಏಳನೆಯ ದಿನ ಕೂಸು ಸಾಯುತ್ತದೆ. ಅವನು ಎದ್ದು, ಸ್ನಾನ ಮಾಡಿ, ದೇವರ ಮನೆಗೆ ಹೋಗಿ ಬಂದು, ಊಟ ತರಿಸಿಕೊಂಡು ಉಣ್ಣುತ್ತಾನೆ. ಸೇವಕರಿಗೆ ದಿಗಿಲು. ನಾನು ಅವನ ಬಳಿಗೆ ಹೋಗುವೆನೇ ಹೊರತು ಅವನು ನನ್ನ ಬಳಿಗೆ ಬರುವುದಿಲ್ಲ ಎನ್ನುತ್ತಾನೆ ದಾವೀದ.

ಇದನ್ನು ಗೋವಾದಲ್ಲಿ ಕೇಳಬೇಕಾಗಿ ಬಂತಲ್ಲ ಎಂದು ನನಗೆ ನಗು. 1810ರಲ್ಲಿ ಲಂಡನ್ ಮಿಷನ್ ಸೊಸೈಟಿಯ ಪಾದ್ರಿ ಜಾನ್ ಹ್ಯಾಂಡ್ಸ್ ಬಂದಿಳಿದದ್ದು ನಮ್ಮ ಬಳ್ಳಾರಿಗೆ. ಅಲ್ಲಿ ಕುಳಿತು ಕನ್ನಡ ಕಲಿತು ಆತ ಶುರುಮಾಡಿದ ಅನುವಾದ 1831ರ ಹೊತ್ತಿಗೆ ಇಡೀ ಬೈಬಲ್ ಆಗಿ ಅಚ್ಚಾಯಿತು. ದಾವೀದನ ಮಾತು ನಮ್ಮೂರಿನಲ್ಲೇ ಕನ್ನಡವಾಗಿತ್ತು; ನಾನು ಕಿವಿಗೊಟ್ಟಿರಲಿಲ್ಲ, ಅಷ್ಟೆ.

ಆಂಟಿಯ ನಂಬಿಕೆಯೂ ಸಲೀಸಾದುದಲ್ಲ. ಏಳು ಅಣ್ಣತಮ್ಮಂದಿರನ್ನು ಒಬ್ಬ ಸತ್ತ ಮೇಲೊಬ್ಬನಂತೆ ಮದುವೆಯಾದ ಹೆಂಗಸು ಪುನರುತ್ಥಾನದಲ್ಲಿ, ಅಂದರೆ ಸತ್ತವರು ಏಳುವಾಗ, ಯಾರ ಹೆಂಡತಿ ಎಂದು ಅದನ್ನು ನಂಬದ ಯೆಹೂದಿ ಪಂಗಡದ ಸದ್ದುಕಾಯರು ಯೇಸುವನ್ನು ಕೆಣಕುತ್ತಾರೆ. ಅಲ್ಲಿ ಮದುವೆಯೇ ಇಲ್ಲ ಎಂಬುದು ಉತ್ತರ. ಹಾಗಾದರೆ ಅಂಕಲ್ ಅಲ್ಲಿ ಗಂಡನಾಗಿ ಸಿಗುವುದಿಲ್ಲವಲ್ಲ ಎಂದೆ. ‘ಒಳ್ಳೆಯದೇ ಆಯಿತು, ಅಡುಗೆ ತಪ್ಪಿತು’ ಎಂದರು. ಆದರೆ ಗುರುತು ಸಿಗುತ್ತದೆ ಎಂಬುದರಲ್ಲಿ ಅವರಿಗೆ ಅನುಮಾನವಿಲ್ಲ. ಯೇಸುವಿನ ಅಪೊಸ್ತಲ ಪೌಲನು ಥೆಸಲೋನಿಕ ಊರಿನ ಕ್ರೈಸ್ತರಿಗೆ ಬರೆದ ಕಾಗದದಲ್ಲಿ ದುಃಖಿಸಲೇಬೇಡಿ ಎನ್ನುವುದಿಲ್ಲ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ, ಕರ್ತನು ಬಂದಾಗ ನಾವು ಅವರೊಂದಿಗೆ ಕೂಡುವೆವು ಎನ್ನುತ್ತಾನೆ. ಆ ‘ಅವರೊಂದಿಗೆ’ ಎಂಬ ಒಂದು ಪದದ ಮೇಲೆ ಆಂಟಿ ಹದಿನಾಲ್ಕು ವರ್ಷ ನಡೆಸಿದ್ದಾರೆ.

ನಮ್ಮಲ್ಲಿ ಅಂಥ ಪದವಿಲ್ಲ. ಐಕ್ಯ ದೊಡ್ಡ ಮಾತು, ನನಗೆ ಅದರ ಮೇಲೆ ಗೌರವವಿದೆ. ಆದರೆ ಹೋದ ವರ್ಷ ಎಡೆ ಇಡುವಾಗ ಅವ್ವ ‘ನಾನು ಹೋದ ಮೇಲೆ ನಿಮ್ಮ ಅಪ್ಪ ಸಿಗುತ್ತಾರೇನು?’ ಎಂದಳು. ಇಬ್ಬರೂ ಶಿವನಲ್ಲೇ ಇರುತ್ತೀರಿ ಎಂದೆ. ಕಾರ್ಡಿನ ಮಾತು. ಅವಳು ಬೇಡಿದ್ದು ಅದಲ್ಲ. ಮೂವತ್ತೆಂಟು ವರ್ಷ ಬೈದು, ಬೈಸಿಕೊಂಡು ಬಾಳಿದ ಮನುಷ್ಯ ಅವಳಿಗೆ ಬೇಕಿತ್ತು, ಬೀಡಿಯ ವಾಸನೆಯ ಸಮೇತ. ಆ ಹೊತ್ತಿನಲ್ಲಿ ನನಗೆ ಆಂಟಿಯ ಮೇಲೆ ಹೊಟ್ಟೆಕಿಚ್ಚಾಯಿತು.

ಸುಮ್ಮನಿರಲಾರದೆ ದಾವೀದನ ಕಥೆ ಹೇಳಿದೆ. ಅವ್ವ ಎಲೆಯ ತುದಿ ಸರಿಪಡಿಸುತ್ತಲೇ ಪೂರ್ತಿ ಕೇಳಿದಳು.

‘ಎದ್ದು ತಾನು ಉಂಡನಲ್ಲ,’ ಎಂದಳು. ‘ಕೂಸಿಗೆ ಏನು ಇಟ್ಟ?’