ಸತ್ತ ಎಮ್ಮೆಗೆ ಸೇರು ಹಾಲು

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿಗೆ ಒಂದು ಚಿತ್ರ ಬಂತು. ಮಂಜು ಮುಸುಕಿದ ಬೀದಿ, ಸೈಕಲ್ಲು, ಕ್ಯಾರಿಯರಿನ ಎರಡೂ ಕಡೆ ಜೋತುಬಿದ್ದ ಹಾಲಿನ ಕ್ಯಾನು. ಕೆಳಗೆ, ‘ಆ ದಿನಗಳು ಮತ್ತೆ ಬಾರವು, ನೆನಪಿದ್ದವರು ಶೇರ್ ಮಾಡಿ.’ ಅರ್ಧ ಗಂಟೆಯಲ್ಲಿ ಗುಂಪಿನ ತುಂಬ ಕಣ್ಣೀರಿನ ಮುಖಗಳು.

ಎಲ್ಲರಿಗಿಂತ ಮೊದಲು ಅತ್ತವರು ಸಿ ಬ್ಲಾಕಿನ ರಾಯರು. ನಾಲ್ಕು ವರ್ಷದ ಹಿಂದೆ ಪಕ್ಕದ ಹಳ್ಳಿಯಿಂದ (ಈಗ ಅದು ಪಕ್ಕದ ಲೇಔಟು) ಹಾಲು ತರುತ್ತಿದ್ದ ಮುದುಕನನ್ನು ಗೇಟಿನ ಒಳಗೆ ಬಿಡಕೂಡದು ಅಂತ ಸಭೆಯಲ್ಲಿ ಠರಾವು ಮಂಡಿಸಿದವರೂ ಅವರೇ. ಕ್ಯಾನಿನಿಂದ ಲಿಫ್ಟಿನಲ್ಲಿ ಹಾಲು ತೊಟ್ಟಿಕ್ಕುತ್ತೆ, ನೊಣ ಬರುತ್ತೆ ಅನ್ನೋದು ಕಾರಣ. ಠರಾವನ್ನು ಅನುಮೋದಿಸಿದವನು ನಾನು. ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಹೋದ ವಾರ ನಾನೂ ಅತ್ತಿದ್ದೇನೆ.

ಸತ್ತ ಎಮ್ಮೆಗೆ ಸೇರು ಹಾಲು ಅಂತಾರೆ. ಬದುಕಿದ್ದಾಗ ಅದು ಒದೆಯುತ್ತಿತ್ತು ಅನ್ನೋದು ಯಾರಿಗೂ ನೆನಪಿರುವುದಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ವರ್ತನೆ ಹಾಲು ಹಾಕುತ್ತಿದ್ದವನು ದಿನಾ ಬೆಳಗ್ಗೆ ಅಪ್ಪನ ಹತ್ತಿರ ಬೈಸಿಕೊಳ್ಳದೆ ಮುಂದಿನ ಮನೆಗೆ ಹೋಗಿದ್ದೇ ಇಲ್ಲ.

“ಏನಯ್ಯಾ, ಇವತ್ತು ಹಾಲಿಗೆ ಕಾವೇರಿ ಬಿಟ್ಟಿದ್ದೀಯಲ್ಲ?”

“ಎಲ್ಲಿ ಸ್ವಾಮಿ, ಮೂರು ದಿನದಿಂದ ನಲ್ಲೀಲಿ ನೀರೇ ಬಂದಿಲ್ಲ!”

ಅಪ್ಪ ಬಿಡುವ ಪೈಕಿಯಲ್ಲ. ಒಂದು ಲ್ಯಾಕ್ಟೋಮೀಟರ್ ತಂದರು. ಹಾಲಿಗೆ ನೀರು ಬೆರೆತರೆ ಅದರ ಸಾಂದ್ರತೆ ಇಳಿಯುತ್ತೆ, ಗಾಜಿನ ಬುರುಡೆ ಮುಳುಗಿ ಕಳ್ಳತನ ಬಯಲಾಗುತ್ತೆ. ಆದರೆ ಕೆನೆ ತೆಗೆದರೆ ಸಾಂದ್ರತೆ ಏರುತ್ತೆ. ಇದನ್ನು ಅಪ್ಪ ಪುಸ್ತಕದಲ್ಲಿ ಓದುವಷ್ಟರಲ್ಲಿ ಹಾಲಿನವನು ಕೊಟ್ಟಿಗೆಯಲ್ಲೇ ಕಲಿತಿದ್ದ. ಮೊದಲು ಕೆನೆ ತೆಗೆದ, ಆಮೇಲೆ ಲೆಕ್ಕ ಹಾಕಿ ನೀರು ಹೊಯ್ದ. ಬುರುಡೆ ನಿಲ್ಲಬೇಕಾದ ಗೆರೆಗೇ ಬಂದು ನಿಂತಿತು. ಅಪ್ಪ ಗೆದ್ದೆ ಅಂದುಕೊಂಡರು. ಅಮ್ಮ ಮಾತ್ರ ಕಾಯಿಸಿದ ಹಾಲಿನ ಮೇಲೆ ಕೆನೆ ಹುಡುಕುತ್ತ ನಿಂತಿದ್ದಳು.

ಅಂಥವನು ಈಗ ಚಿತ್ರದಲ್ಲಿ ಋಷಿಯಾಗಿದ್ದಾನೆ.

ಅದೇ ರಾತ್ರಿ ಗುಂಪಿನಲ್ಲಿ ಎರಡನೇ ತಿಥಿ ಶುರುವಾಯಿತು, ಹಳೇ ಹಾಸ್ಯ ಧಾರಾವಾಹಿಗಳದ್ದು. “ಆಗಿನ ಸೀರಿಯಲ್‌ಗಳಲ್ಲಿ ಸಂಸ್ಕಾರ ಇತ್ತು, ಮನೆಮಂದಿಯೆಲ್ಲ ಕೂತು ನೋಡಬಹುದಿತ್ತು,” ಅಂತ ಒಬ್ಬರು ಬರೆದು, ಉದಾಹರಣೆಗೆ ‘ಪಾಪ ಪಾಂಡು’ವನ್ನು ಹೆಸರಿಸಿದರು. ಮನೆಮಂದಿಯೆಲ್ಲ ಕೂತು ನೋಡಿದ್ದೇನೋ ನಿಜ. ಆದರೆ ನೋಡಿದ್ದು ಹೆಂಡತಿ ಶ್ರೀಮತಿ ಗಂಡ ಪಾಂಡುವಿಗೆ ಬಾರಿಸೋದನ್ನು. ಅದನ್ನು ಸಂಸ್ಕಾರ ಅನ್ನೋದಾದರೆ ನಮ್ಮ ಬ್ಲಾಕಿನಲ್ಲೂ ಒಂದೆರಡು ಮನೆಯಲ್ಲಿ ಅದು ಉಳಿದಿದೆ, ಗೋಡೆ ತೆಳು, ಕೇಳಿಸುತ್ತೆ. 2018ರಲ್ಲಿ ಆ ಧಾರಾವಾಹಿ ಹೊಸದಾಗಿ ಮತ್ತೆ ಬಂತಲ್ಲ, ನೋಡಿದಿರಾ ಅಂತ ಕೇಳಿದೆ. ಗುಂಪು ಗಪ್‌ಚಿಪ್. ವಾಪಸ್ ಬಂದದ್ದನ್ನು ನೋಡೋಕೆ ಯಾರಿಗೆ ಪುರಸೊತ್ತು? ಬಾರದೆ ಇದ್ದರೆ ತಾನೆ ಅಳೋದಕ್ಕೆ ಚೆಂದ.

ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. ನಮ್ಮ ವಠಾರಕ್ಕೆ ಟಿ.ವಿ. ಬಂದದ್ದು ಅದಾಗಿ ಎಷ್ಟೋ ಕಾಲಕ್ಕೆ, ಅದೂ ಮಾಲೀಕರ ಮನೆಗೆ ಮಾತ್ರ. ಇಡೀ ವಠಾರ ಅವರ ಹಜಾರದಲ್ಲಿ. ಮಾಲೀಕರ ಹೆಂಡತಿ ಬಾಗಿಲಲ್ಲಿ ನಿಂತು ಚಪ್ಪಲಿ ಎಣಿಸುತ್ತಿದ್ದರು, ಬಾಡಿಗೆ ಬಾಕಿ ಇದ್ದವರ ಚಪ್ಪಲಿಯನ್ನು ಎರಡು ಸಲ. ‘ಯೇ ಜೋ ಹೈ ಜಿಂದಗಿ’ ಅನ್ನೋ ಹಾಸ್ಯ ಧಾರಾವಾಹಿ ಬಂದಾಗ ಹಿಂದಿ ಬರುತ್ತಿದ್ದದ್ದು ರೈಲ್ವೆಯ ಗುಮಾಸ್ತರೊಬ್ಬರಿಗೆ. ಅವರು ನಕ್ಕ ಮೇಲೆ ಉಳಿದವರೆಲ್ಲ ನಗೋದು. ಅದರಲ್ಲಿ ಸತೀಶ್ ಶಾ ಕಂತಿಗೊಂದು ಹೊಸ ಪಾತ್ರ ಮಾಡುತ್ತಿದ್ದರು. ಅದು ಗೊತ್ತಿಲ್ಲದ ನನ್ನ ಅಜ್ಜಿ, ಯಾವನೋ ಒಬ್ಬ ಠಕ್ಕ ವಾರವಾರ ವೇಷ ಮರೆಸಿಕೊಂಡು ಅದೇ ಮನೆಗೆ ಬರ್ತಾನೆ, ಈ ಪೆದ್ದ ಗಂಡಹೆಂಡಿರು ಗುರುತೇ ಹಿಡಿಯೋದಿಲ್ಲ ಅಂತ ಕೊನೆವರೆಗೂ ಮರುಗಿದಳು. ಅಷ್ಟು ಒಳ್ಳೆಯ ಕಥೆ ಮೂಲದಲ್ಲಿ ಖಂಡಿತ ಇರಲಿಲ್ಲ.

ಈಗ ಅದೇ ಕಂತಿನ ತುಣುಕನ್ನು ನಮ್ಮ ಮನೆಯ ನಾಲ್ಕು ಜನ ನಾಲ್ಕು ಕೋಣೆಯಲ್ಲಿ ನಾಲ್ಕು ಫೋನಿನಲ್ಲಿ ನೋಡಿ, ‘ಒಟ್ಟಿಗೆ ಕೂತು ನೋಡುತ್ತಿದ್ದ ಆ ಕಾಲ’ ಅಂತ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತೇವೆ.

ಇಷ್ಟೆಲ್ಲ ಅತ್ತ ಮೇಲೆ ಏನಾದರೂ ಮಾಡಲೇಬೇಕಲ್ಲ. ಅಸೋಸಿಯೇಷನ್ನು ಶನಿವಾರ ‘ರೆಟ್ರೋ ನೈಟ್’ ಇಟ್ಟುಕೊಂಡಿತು. ಬಾಡಿಗೆಗೆ ಹಳೇ ಸೈಕಲ್ಲು ಬಂತು, ಖಾಲಿ ಕ್ಯಾನು ಬಂತು. ಹಾಲಿನವನ ವೇಷದಲ್ಲಿ ಸಾಕ್ಷಾತ್ ರಾಯರೇ! ಗರಿಗರಿ ಪಂಚೆ, ಕೈಯಲ್ಲಿ ಪಾವು. ಕ್ಲಬ್‌ಹೌಸಿನ ಲಿಫ್ಟಿನಲ್ಲಿ ಸೈಕಲ್ ಸಮೇತ ಮೇಲೆ ಬಂದರು, ಎಲ್ಲರೂ ಚಪ್ಪಾಳೆ ಹೊಡೆದೆವು. ಅಳೆದು ಹೊಯ್ದದ್ದು ಬಾದಾಮಿ ಹಾಲು. ನಾನು ಕೊಸರು ಕೇಳಿದೆ. “ತಲೆಗೊಂದೇ ಪಾವು ಕಣ್ರೀ, ಕೇಟರಿಂಗ್ ಲೆಕ್ಕ,” ಅಂದರು.

ಕೊಸರಿನ ಗತಿಯೇ ಅಷ್ಟು ಬಿಡಿ. 2024ರ ಜೂನ್ 26ರಿಂದ ನಂದಿನಿ ಪ್ಯಾಕೆಟ್ಟಿಗೆ 50 ಮಿಲಿ ಲೀಟರ್ ಜಾಸ್ತಿ ಹಾಕಿ 2 ರೂಪಾಯಿ ಏರಿಸಿದರು. 2025ರ ಏಪ್ರಿಲ್ 1ಕ್ಕೆ 50 ಮಿಲಿ ಲೀಟರ್ ಹಿಂದಕ್ಕೆ ಹೋಯಿತು, ಬೆಲೆ ಲೀಟರಿಗೆ 4 ರೂಪಾಯಿ ಮುಂದಕ್ಕೆ ಹೋಯಿತು. ನಮ್ಮ ಹಾಲಿನವನು ಕೊಸರು ಹಾಕಿ ದುಡ್ಡು ಕೇಳುತ್ತಿರಲಿಲ್ಲ, ಅದಕ್ಕೂ ಸೇರಿಸಿ ಮೊದಲೇ ನೀರು ಹಾಕಿರುತ್ತಿದ್ದ.

ಪ್ಯಾಕೆಟ್ ಹಾಲು ಬೇಡ, ಹಳೇ ಕಾಲದ ಶುದ್ಧ ಹಾಲೇ ಬೇಕು ಅನ್ನುವವರಿಗೆ ಗಾಜಿನ ಬಾಟಲಿಯಲ್ಲಿ ಎ2 (ಹಾಲಿನ ಒಂದು ಬಗೆಯ ಪ್ರೋಟೀನಿನ ಹೆಸರು) ಹಾಲು ಸಿಗುತ್ತೆ. 2024ರ ಆಗಸ್ಟ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಹಾಲಿಗೆ ಎ1, ಎ2 ಅಂತ ಹಣೆಪಟ್ಟಿ ಹಚ್ಚೋದು ಜನರ ದಾರಿ ತಪ್ಪಿಸುತ್ತೆ ಅಂದಿತು. ಅಂದು ವಾರ ತುಂಬುವ ಮೊದಲೇ ಆ ಮಾತನ್ನು ವಾಪಸ್ ತೆಗೆದುಕೊಂಡಿತು. ನೀರು ಹಾಕಿಲ್ಲ ಅಂತ ಆಣೆ ಮಾಡಿದ ನಮ್ಮ ಹಾಲಿನವನು ಇಪ್ಪತ್ತು ವರ್ಷ ಆ ಒಂದೇ ಮಾತಿಗೆ ನಿಂತಿದ್ದ.

ಆ ಬಾಟಲಿಯ ಹಾಲು ನಮ್ಮ ಮನೆಗೂ ಬರುತ್ತೆ. ಯಾರು ತರ್ತಾರೆ ಗೊತ್ತಿಲ್ಲ. ಐದು ಗಂಟೆಗೆ ಬಾಗಿಲಿನ ಚೀಲದಲ್ಲಿ ಬಾಟಲಿ ಇರುತ್ತೆ, ಆರಕ್ಕೆ ಫೋನಿನಲ್ಲಿ ‘ಎಷ್ಟು ಸ್ಟಾರ್ ಕೊಡ್ತೀರಿ?’ ಅನ್ನೋ ಪ್ರಶ್ನೆ ಇರುತ್ತೆ.

ರೆಟ್ರೋ ನೈಟ್ ಮುಗಿಯುವಾಗ ಹನ್ನೆರಡೂವರೆ. ಭಾನುವಾರ ಬೆಳಗ್ಗೆ ಐದಕ್ಕೆ ಫೋನು ಬಡಿದುಕೊಂಡಿತು: ‘ಗೇಟಿನಲ್ಲಿ ಡೆಲಿವರಿ. ಒಳಗೆ ಬಿಡಬಹುದೇ?’ ನಿದ್ದೆಗಣ್ಣಲ್ಲಿ ‘ಬೇಡ’ ಒತ್ತಿ ಮಗ್ಗುಲು ಬದಲಿಸಿದೆ. ಏಳಕ್ಕೆದ್ದರೆ ಚೀಲ ಖಾಲಿ. ಹೆಂಡತಿಯ ಮುಖ ನೋಡಿ, ಪಾತ್ರೆ ಹಿಡಿದುಕೊಂಡು ರಾಯರ ಮನೆಯ ಬೆಲ್ ಒತ್ತಿದೆ. ರಾಯರು ಇನ್ನೂ ಅದೇ ಪಂಚೆಯಲ್ಲಿದ್ದರು. ಬಾಗಿಲನ್ನು ಸರಪಳಿಯಷ್ಟೇ ತೆರೆದು, ಬರೀ ಕರೀ ಕಾಫಿಯ ಲೋಟ ತೋರಿಸಿದರು.

“ನೀವೂ ‘ಬೇಡ’ ಒತ್ತಿದ್ರಾ?”