ಟೇಬಲ್ ಮೇಲೆ ಮಲಗಿಸಿ ಕೇಳುವ ಪ್ರಶ್ನೆಯಾ ಇದು?

ನಮ್ಮಪ್ಪ ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ 30 ವರ್ಷ ಕಳೆದವರು. ಮಾಲು ನೋಡದೆ ಹರಾಜು ಕೂಗಿದವರಲ್ಲ. ಹೋದ ಕಾರ್ತಿಕ ಸೋಮವಾರ ಅಂತರಗಂಗೆ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ಕೂತುಬಿಟ್ಟರು. ಎದೆ ಹಿಡಿದ ಹಾಗೆ. ಐದು ನಿಮಿಷಕ್ಕೆ ಸರಿಹೋಯಿತು. 'ಗ್ಯಾಸು ಕಣೋ' ಅಂದರು. ಹತ್ತುವಾಗ ಮಾತ್ರ ಬರುವ ಗ್ಯಾಸು!

ಟ್ರೆಡ್‌ಮಿಲ್ ಮೇಲೆ ನಡೆಸಿ ಹಾರ್ಟ್ ನೋಡುವ ಟಿಎಂಟಿ ಟೆಸ್ಟು ಪಾಸಿಟಿವ್ ಬಂತು, ಅಂದರೆ ತೊಂದರೆ ಇರಬಹುದು ಅಂತ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹಾರ್ಟಿನ ರಕ್ತನಾಳಗಳ ಚಿತ್ರ ತೆಗೆಯುವ ಆಂಜಿಯೋಗ್ರಾಂ ಮಾಡಿಸಿದೆವು. ಅಪ್ಪ ಇನ್ನೂ ಟೇಬಲ್ ಮೇಲಿದ್ದಾಗಲೇ ನನ್ನನ್ನು ಒಳಗೆ ಕರೆದರು. '80 ಪರ್ಸೆಂಟ್ ಬ್ಲಾಕ್ ಇದೆ, ಈಗಲೇ ಸ್ಟೆಂಟ್ ಹಾಕಿಬಿಡೋಣ, ಸೈನ್ ಮಾಡಿ.' ಸ್ಟೆಂಟ್ ಅಂದರೆ ಕಟ್ಟಿದ ನಾಳವನ್ನು ಅಗಲವಾಗಿ ಹಿಡಿಯುವ ಸಣ್ಣ ಜಾಲರಿ ಕೊಳವೆ. ಹೊರಗೆ ಚಿಕ್ಕಪ್ಪ, 'ದುಡ್ಡಿನ ಮುಖ ನೋಡಬೇಡ' ಅಂತ. ದುಡ್ಡಿನ ಮಾತಲ್ಲ ಅದು. 2017ರಲ್ಲಿ ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿದೆ. (ಮಿಕ್ಕ ಬಿಲ್ಲು ಬೇರೆ ಕಥೆ.) ಎಚ್ಚರವಾಗಿ ಮಲಗಿರುವ ಮನುಷ್ಯನನ್ನು ಬಿಟ್ಟು ಮಗನ ಹತ್ತಿರ ಸೈನ್ ಕೇಳುವುದು ಯಾವ ನ್ಯಾಯ? ಎದೆ ಅವರದು ಅಲ್ವಾ?

ಕೈ ನಡುಗುತ್ತಿತ್ತು. ಸೈನ್ ಮಾತ್ರ ಮಾಡಲಿಲ್ಲ. ಆಂಜಿಯೋಗ್ರಾಂ ಸಿಡಿ ಇಸ್ಕೊಂಡು ಇನ್ನೊಬ್ಬ ಹಾರ್ಟ್ ಡಾಕ್ಟರ ಹತ್ತಿರ ಹೋದೆವು.

ಅವರು ಬಿಡಿಸಿ ಹೇಳಿದರು. ಹಾರ್ಟ್ ಅಟ್ಯಾಕ್ ಆಗುತ್ತಿದ್ದರೆ ಸ್ಟೆಂಟ್ ಜೀವ ಉಳಿಸುತ್ತದೆ, ಅಲ್ಲಿ ಯೋಚನೆ ಮಾಡುತ್ತಾ ಕೂರಬಾರದು. ನಡೆದಾಗ ಬಂದು ಕೂತರೆ ಹೋಗುವ ನೋವಿನ ಲೆಕ್ಕ ಬೇರೆ. 2020ರಲ್ಲಿ ಬಂದ 'ಇಸ್ಕೀಮಿಯಾ' ಅಧ್ಯಯನದಲ್ಲಿ ಇಂಥ 5,179 ಜನರಿದ್ದರು. ಮಾತ್ರೆಯ ಜೊತೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದವರಲ್ಲಿ, ಸುಮಾರು ಮೂರು ವರ್ಷ ನೋಡಿದರೂ, ಮೊದಲು ಬರೀ ಮಾತ್ರೆಯಲ್ಲೇ ಇದ್ದವರಿಗಿಂತ ಸಾವು ಕಡಿಮೆಯಾಗಲಿಲ್ಲ. ನೋವು ಮಾತ್ರ ಚೆನ್ನಾಗಿ ಇಳಿಯಿತು. ಸಾವು ಯಾಕೆ ಇಳಿಯಲಿಲ್ಲ ಅಂದರೆ, ಎಷ್ಟೋ ಸಲ ಅಟ್ಯಾಕ್ ತರುವುದು ದೊಡ್ಡ ಬ್ಲಾಕ್ ಅಲ್ಲ. ಇನ್ನೆಲ್ಲೋ ಇರುವ ಚಿಕ್ಕ ಕೊಬ್ಬಿನ ಗಂಟು ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಸ್ಟೆಂಟ್ ಒಂದು ಜಾಗ ಅಗಲ ಮಾಡುತ್ತದೆ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಎಲ್ಲಾ ನಾಳಗಳಿಗೂ ಕೆಲಸ ಮಾಡುತ್ತದೆ.

ಎಲ್ಲರಿಗೂ ಇದೇ ಮಾತು ಹೊಂದುವುದಿಲ್ಲ. ಹಾರ್ಟಿನ ಎಡಗಡೆಯ ಮುಖ್ಯ ನಾಳ, 'ಲೆಫ್ಟ್ ಮೇನ್'ನಲ್ಲೇ ಬ್ಲಾಕ್ ಇದ್ದರೆ, ಹಾರ್ಟ್ ಪಂಪಿಂಗ್ ತುಂಬಾ ಬಿದ್ದಿದ್ದರೆ ಬೇರೆ ದಾರಿ. ಶುಗರ್ ಇದ್ದು ಮೂರೂ ನಾಳ ಕಟ್ಟಿದ್ದರೆ ಸಾಮಾನ್ಯವಾಗಿ ಸ್ಟೆಂಟ್‌ಗಿಂತ ಬೈಪಾಸೇ ಮೇಲು. ಅಪ್ಪನಿಗೆ ಇದ್ಯಾವುದೂ ಇರಲಿಲ್ಲ.

ಎಲ್ಲ ಕೇಳಿಸಿಕೊಂಡು ಅಪ್ಪ ಬಾಯಿ ಬಿಟ್ಟರು. 'ಸ್ಟೆಂಟ್ ಹಾಕಿದ್ರೆ ಆಯಸ್ಸು ಜಾಸ್ತಿ ಆಗುತ್ತಾ ಡಾಕ್ಟ್ರೇ, ಇಲ್ಲ ನೋವು ಹೋಗುತ್ತಾ?'

'ನಿಮ್ಮ ವಿಷಯದಲ್ಲಿ ನೋವು ಹೋಗುತ್ತೆ.'

'ಹಂಗಾದ್ರೆ ಮೊದಲು ಮಾತ್ರೆ ಕೊಡಿ. ತಡ್ಕೋತೀನಾ ಇಲ್ವಾ ನೋಡಿ ಹೇಳ್ತೀನಿ.'

ಬೀಡಿ ಬಿಟ್ಟಿದ್ದಾರೆ. ಎದೆನೋವು ಬಂದರೆ ನಾಲಿಗೆ ಕೆಳಗಿಡುವ ಮಾತ್ರೆ ಜೇಬಲ್ಲೇ ಇರುತ್ತದೆ. ಸುಮ್ನೆ ಕೂತಾಗಲೂ ನೋವು ಬಂದರೆ ನೇರ ಆಸ್ಪತ್ರೆಗೆ ಅಂತ ಡಾಕ್ಟರ ತಾಕೀತು. ಹೋದ ವಾರ ಅಂತರಗಂಗೆಗೆ ಹೋಗಿದ್ದೆವು. ಒಂದೇ ಕಡೆ ಕೂತರು. ಮೇಲೆ ಬಸವನ ಬಾಯಿಯ ನೀರು ಕುಡಿದು ಮುಖ ಒರೆಸಿಕೊಳ್ಳುವಾಗ, 'ಸ್ಟೆಂಟ್ ಕಥೆ ಏನಪ್ಪ?' ಅಂದೆ.

'ಬರೋ ಕಾರ್ತಿಕಕ್ಕೆ ಹತ್ತಿ ನೋಡಿ ಹೇಳ್ತೀನಿ' ಅಂದರು.