ಬಾವಮೈದನ ಕಾಲುಚೀಲ

ಇವತ್ತಿಗೆ ಒಂಬತ್ತು ದಿನ. ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ನೇತಾಡುತ್ತಿರುವ ಆ ಒಂದು ಕಾಲುಚೀಲ ಇನ್ನೂ ಒಣಗಿಲ್ಲ. ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲು ಅದನ್ನು ಮುಟ್ಟಿ ನೋಡುತ್ತೇನೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಹಿಮ್ಮಡಿ ಒಣಗಿರುತ್ತದೆ, ಬೆರಳ ತುದಿ ತಣ್ಣಗಿರುತ್ತದೆ. ಮಧ್ಯಾಹ್ನ ನೋಡಿದರೆ ತುದಿ ಒಣಗಿ, ಹಿಮ್ಮಡಿ ಮತ್ತೆ ಒದ್ದೆ. ನೀರು ಒಳಗೊಳಗೇ ಮನೆ ಬದಲಾಯಿಸುತ್ತದೋ ಏನೋ. ಚೀಲದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ‘ಕ್ವಿಕ್ ಡ್ರೈ’ ಎಂದು ಬೇರೆ ನೇಯ್ದಿದ್ದಾರೆ.

ಚೀಲ ನನ್ನದಲ್ಲ. ಬಾವಮೈದನದು.

ಅವನು ಜುಲೈಯಲ್ಲಿ ಬೆಂಗಳೂರಿನಿಂದ ಫೋನ್ ಮಾಡಿ, “ಬಾವ, ಈಗ ಆಫ್ ಸೀಸನ್ ಅಲ್ವಾ, ಜನ ಇರಲ್ಲ. ಮಲ್ಲಳ್ಳಿ ಫಾಲ್ಸ್ ನೋಡ್ಕೊಂಡು ಹಾಗೇ ಹೊನ್ನಮ್ಮನ ಕೆರೆಗೂ ಹೋಗಿ ಬರೋಣ” ಎಂದ. ನನಗೆ ಸಿಟ್ಟು ಬಂದಿದ್ದೇ ಆ ಮಾತಿಗೆ. ಗದ್ದೆಯಲ್ಲಿ ನಾಟಿ, ತೋಟದಲ್ಲಿ ಕೊಳೆರೋಗದ ಹೆದರಿಕೆ. ಕೊಡಗಿನಲ್ಲಿ ಕೆಲವರಿಗೆ ಇದು ಕಕ್ಕಡ, ಕೆಲವರಿಗೆ ಆಟಿ, ಎಲ್ಲರಿಗೂ ಮಳೆ. ನಮ್ಮ ಸೀಸನ್ನೇ ಇದು ಮಾರಾಯ. ಆಫ್ ಆಗಿರುವುದು ಕರೆಂಟು ಮಾತ್ರ.

ಹೇಳಲಿಲ್ಲ. ಹೆಂಡತಿ ಪಕ್ಕದಲ್ಲೇ ಇದ್ದಳು.

ನಿಜ ಹೇಳಬೇಕೆಂದರೆ ಮಳೆಗಾಲದಲ್ಲಿ ನಮಗಿರುವ ದೊಡ್ಡ ಕೆಲಸ ಬಟ್ಟೆ ಒಣಗಿಸುವುದು. ಊರಿನವರು ಸಿಕ್ಕರೆ ಮೊದಲು ಕೇಳುವುದು “ನಿಮ್ಮಲ್ಲಿ ಎಷ್ಟಾಯ್ತು?” ಎಂದು. ಮಿಲಿಮೀಟರಿನಲ್ಲಿ ಉತ್ತರ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಇಂಚು ಮತ್ತು ಸೆಂಟಿನಲ್ಲಿ ಹೇಳಬೇಕು. ನೂರು ಸೆಂಟಿಗೆ ಒಂದು ಇಂಚು. ಆಮೇಲೆ ಕೇಳುವುದು ಬಟ್ಟೆಯ ವಿಚಾರ. ಅಮ್ಮನ ಕಾಲದಲ್ಲಿ ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ಮಕ್ಕಳ ಬಟ್ಟೆ ಹರಡುತ್ತಿದ್ದರು. ದೊಡ್ಡವರದ್ದು ಒಲೆಯ ಮೇಲಿನ ಹಗ್ಗಕ್ಕೆ. ಹೊಗೆ ಹಿಡಿಯುತ್ತಿತ್ತು, ಒಣಗುತ್ತಿತ್ತು ಎಂದು ಖಂಡಿತವಾಗಿ ಹೇಳಲಾರೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಾವೆಲ್ಲ ಹೊಗೆ ಹಾಕಿದ ಮೀನಿನ ಹಾಗೆ ವಾಸನೆ ಹೊಡೆಯುತ್ತಿದ್ದೆವು. ಎಲ್ಲರೂ ಹೊಡೆಯುತ್ತಿದ್ದುದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಗೊತ್ತಾಗಿದ್ದು ಒಬ್ಬರಿಗೆ ಮಾತ್ರ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಬಯಲುಸೀಮೆ ಕಡೆಯಿಂದ ಹೊಸ ಮೇಷ್ಟರೊಬ್ಬರು ಬಂದರು. ಜೂನ್ ಕೊನೆಯ ವಾರ. ಇಸ್ತ್ರಿ ಮಾಡಿದ ಬಿಳಿ ಶರಟು, ಬಿಳಿ ಪಂಚೆ. ಒಳಗೆ ಬಂದವರೇ ಬಾಗಿಲಲ್ಲೇ ನಿಂತು ಮೂಗು ಅರಳಿಸಿದರು. “ಯಾರೋ ಬೀಡಿ ಸೇದಿದ್ದೀರಿ” ಎಂದರು. ನಾವು ಮುಖ ಮುಖ ನೋಡಿಕೊಂಡೆವು. ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕಾಲರ್ ಮೂಸಿದರು. ಮೊದಲನೆಯವನು ಸಿಕ್ಕಿಬಿದ್ದ. ಎರಡನೆಯವನೂ ಸಿಕ್ಕಿಬಿದ್ದ. ಮೂರು, ನಾಲ್ಕು, ಐದು. ಕೊನೆಗೆ ಇಡೀ ಸಾಲೇ ಬೆಂಚಿನ ಮೇಲೆ. ಬ್ಯಾಗು ತಡಕಿದರೆ ಒಬ್ಬನ ಬ್ಯಾಗಿನಲ್ಲಿ ಹಲಸಿನ ಬೀಜ, ಇನ್ನೊಬ್ಬನದರಲ್ಲಿ ಬದುಕಿರುವ ಏಡಿ. ಬೀಡಿ ಇಲ್ಲ. ಮೇಷ್ಟರಿಗೆ ಸಂಶಯ ಹೋಗಲಿಲ್ಲ, ಊರಿಗೂರೇ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬಂದರು. ಯಾಕೆಂದರೆ ಆಮೇಲೆ ಹುಡುಗಿಯರ ಸಾಲಿನ ಹತ್ತಿರ ಹೋಗಿ ಅಲ್ಲೂ ಅದೇ ವಾಸನೆ ಹಿಡಿದಿದ್ದರು.

ಆಗಸ್ಟ್ ಹದಿನೈದಕ್ಕೆ ಧ್ವಜ ಹಾರಿಸಲು ಬಂದ ಮೇಷ್ಟರ ಪಕ್ಕ ನಾನು ನಿಂತಿದ್ದೆ. ಶರಟು ಬೂದು ಬಣ್ಣಕ್ಕೆ ತಿರುಗಿತ್ತು. ಮೆಲ್ಲಗೆ ಮೂಸಿದೆ. ಶುದ್ಧ ಬೀಡಿ.

ಎಲ್ಲಿದ್ದೆ? ಹಾಂ, ಫಾಲ್ಸು.

ಬಾವಮೈದ ಬಂದ. ಹೊಸ ಶೂ, ವಾಟರ್‌ಪ್ರೂಫ್ ಅಂತೆ. “ಹನಿ ನೀರೂ ಒಳಗೆ ಹೋಗಲ್ಲ ಬಾವ” ಎಂದ. ನನ್ನ ಗಮ್‌ಬೂಟು ನೋಡಿ, ಬರಿಗಾಲಲ್ಲಿ ಹಾಕಬಾರದು ಎಂದು ತನ್ನ ಇನ್ನೊಂದು ಜೊತೆ ಕಾಲುಚೀಲ ಕೊಟ್ಟ. ಬೇಡ ಎಂದೆ. ಅಕ್ಕ ತಮ್ಮ ಇಬ್ಬರೂ ಸೇರಿ ಹಾಕಿಸಿದರು. ಸೋಮವಾರಪೇಟೆ ದಾಟಿ ಶಾಂತಳ್ಳಿ ಕಡೆ ಹೋಗುವಾಗ ವೈಪರ್ ಬಡಿದುಕೊಳ್ಳುತ್ತಲೇ ಇತ್ತು. ಗಾಜಿನ ಆಚೆ ಒಂದು ದನದ ಬಾಲ ಬಿಟ್ಟರೆ ಏನೂ ಕಾಣಿಸಲಿಲ್ಲ. ಇವನು ಕಿಟಕಿ ಇಳಿಸಿ ಮಳೆಯ ಸದ್ದು ರೆಕಾರ್ಡ್ ಮಾಡಿಕೊಂಡ. ರಾತ್ರಿ ಹಾಕಿಕೊಂಡು ಮಲಗಿದರೆ ನಿದ್ದೆ ಚೆನ್ನಾಗಿ ಬರುತ್ತದಂತೆ. 2018ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯಲ್ಲಿ ಗುಡ್ಡಗಳೇ ಜಾರಿ ಮನೆಗಳನ್ನು ಎಳೆದುಕೊಂಡು ಹೋದವು. ಅಂದಿನಿಂದ ರಾತ್ರಿ ಇದೇ ಸದ್ದು ಜೋರಾದರೆ ನಾವು ಎದ್ದು ಕೂರುತ್ತೇವೆ. ಅದನ್ನೂ ಹೇಳಲಿಲ್ಲ. ಕಿಟಕಿ ಹಾಕು, ಸೀಟು ಒದ್ದೆಯಾಗ್ತದೆ ಎಂದೆ ಅಷ್ಟೆ.

ಮಲ್ಲಳ್ಳಿಯಲ್ಲಿ ಮೆಟ್ಟಿಲಿಳಿದು ಹೋಗಬೇಕು. ಎಣಿಸಲು ಹೊರಟೆ, ಎಲ್ಲೋ ಜಾರಿ ಲೆಕ್ಕ ತಪ್ಪಿತು. ಜಿಗಣೆಯ ವಿಷಯ ಬರೆಯುವುದಿಲ್ಲ. ಮಳೆಗಾಲದಲ್ಲಿ ಕೊಡಗಿಗೆ ಬಂದವರೆಲ್ಲ ಅದನ್ನೇ ಬರೆಯುತ್ತಾರೆ. ಕಂಬಿ ಹಿಡಿದು ನಿಂತೆವು. ಎದುರಿಗೆ ಬಿಳಿ. ಮೇಲೂ ಬಿಳಿ, ಕೆಳಗೂ ಬಿಳಿ. ಸದ್ದು ಮಾತ್ರ ಎದೆಗೆ ಬಡಿಯುತ್ತಿತ್ತು.

“ಫಾಲ್ಸ್ ಎಲ್ಲಿ ಬಾವ?”

“ಕೇಳ್ತಾ ಇದೆಯಲ್ಲ.”

ಒಂದು ಗಳಿಗೆ ಮೋಡ ಸರಿಯಿತು. ನೀರು ಫೋಟೋದಲ್ಲಿರುವ ಹಾಗೆ ಹಾಲಿನ ಬಣ್ಣದ್ದಲ್ಲ. ಹಾಲು ಕಮ್ಮಿ ಹಾಕಿದ ಕಾಫಿಯ ಬಣ್ಣ. ಇಡೀ ಬಂಡೆಯೇ ಕಳಚಿಕೊಂಡು ಬರುತ್ತಿದೆಯೇನೋ ಅನ್ನಿಸಿ ಕಂಬಿಯನ್ನು ಬಿಗಿಯಾಗಿ ಹಿಡಿದೆ. ಬಾವಮೈದ ಫೋನನ್ನು ಮೂರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ. ಮೂರನೆಯದರ ಗಂಟು ಬಿಚ್ಚುವಷ್ಟರಲ್ಲಿ ಮೋಡ ಮುಚ್ಚಿತು.

ಅಲ್ಲಿ ಬೀಳುವುದು ಕುಮಾರಧಾರಾ. ಪುಷ್ಪಗಿರಿಯ ಬುಡದಿಂದ ಪಶ್ಚಿಮಕ್ಕಿಳಿದು, ಸುಬ್ರಹ್ಮಣ್ಯ ದಾಟಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ ಮಂಗಳೂರಿನ ಕಡಲಿಗೆ ಹೋಗುತ್ತದೆ. ನಮ್ಮ ಮನೆಯ ಹಂಚಿನ ಮೇಲೆ ಬಿದ್ದ ನೀರು ಕಾವೇರಿಯ ಪಾಲು, ತಮಿಳುನಾಡು ದಾಟಿ ಪೂರ್ವದ ಸಮುದ್ರಕ್ಕೆ. ಅರ್ಧ ದಿನದ ಓಡಾಟದೊಳಗೆ ಬಿದ್ದ ಹನಿಗಳು ಎರಡು ಸಮುದ್ರಕ್ಕೆ ಹೋಗುತ್ತವೆ. ಕಾಲುಚೀಲಕ್ಕೆ ಬಿದ್ದ ಹನಿ ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಹತ್ತಿ ಬರುವಷ್ಟರಲ್ಲಿ ಅವನ ಶೂ ‘ಪಚಕ್ ಪಚಕ್’ ಎನ್ನುತ್ತಿತ್ತು. ನೀರು ಮೇಲಿನಿಂದ ಒಳಗಿಳಿದಿತ್ತು. ಕಂಪನಿಯವರು ಹೇಳಿದ್ದು ಸುಳ್ಳಲ್ಲ, ಆ ಚರ್ಮ ದಾಟಿ ಒಂದು ಹನಿಯೂ ಆಚೆ ಬರಲಿಲ್ಲ. ಬಿಚ್ಚಿ ಕವುಚಿದಾಗ ಒಂದು ಲೋಟ ಸಿಕ್ಕಿತು. ನನ್ನ ಗಮ್‌ಬೂಟಿನ ಕತೆಯೂ ಅದೇ, ಅದನ್ನು ಅವನಿಗೆ ಕಾಣದ ಹಾಗೆ ಕಾರಿನ ಹಿಂದೆ ಹೋಗಿ ಕವುಚಿದೆ.

ಹೊನ್ನಮ್ಮನ ಕೆರೆ ದೊಡ್ಡಮಳ್ತೆಯಲ್ಲಿದೆ. ಕೆರೆ ತೋಡಿಸಿದರೂ ನೀರು ಬರಲಿಲ್ಲವಂತೆ, ಹೊನ್ನಮ್ಮ ಪ್ರಾಣ ಕೊಟ್ಟ ಮೇಲೆ ತುಂಬಿತಂತೆ. ಪ್ರತಿವರ್ಷ ಗೌರಿ ಹಬ್ಬದ ದಿನ ಬಾಗಿನ ಬಿಡುತ್ತಾರೆ. ಚಿಕ್ಕಂದಿನಿಂದ ಕೇಳಿದ ಕತೆ, ಅವತ್ತು ಯಾಕೋ ಸಿಟ್ಟು ಬಂತು. ದಡ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ತಿಳಿಯದ ಹಾಗೆ ಸುರಿಯುತ್ತಿತ್ತು. ನಾಲ್ಕು ದಿನ ತಡೆದಿದ್ದರೆ ಆಗುತ್ತಿರಲಿಲ್ಲವೇ? ಅವಸರ ಏನಿತ್ತು ಆ ಗಂಡಸರಿಗೆ? ಕೆರೆಯ ಬಗ್ಗೆ ಇನ್ನೂ ಏನೋ ಹೇಳಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ಕೊಡೆ ಮಗುಚಿತು, ಅದರ ಹಿಂದೆ ಓಡಿದೆ.

ಮಾರನೆ ದಿನ ಬಾವಮೈದ ಬೆಂಗಳೂರಿಗೆ ಹೊರಟ. ಗಡಿಬಿಡಿಯಲ್ಲಿ ನನಗೆ ಕೊಟ್ಟಿದ್ದ ಜೊತೆಯಲ್ಲಿ ಒಂದು ಚೀಲ ಅವನ ಬ್ಯಾಗಿಗೆ ಹೋಯಿತು, ಒಂದು ಹಗ್ಗದಲ್ಲೇ ಉಳಿಯಿತು. ನಿನ್ನೆ ಫೋನ್ ಬಂತು. “ಬಾವ, ಇಲ್ಲಿರೋದು ಒಂದೇ ದಿನಕ್ಕೆ ಒಣಗ್ತು. ಅಲ್ಲಿರೋದು?”

“ಆಗ್ತಾ ಬಂತು” ಎಂದೆ.

“ಕೊರಿಯರ್ ಮಾಡ್ತೀರಾ? ಅಥವಾ ಗೌರಿ ಹಬ್ಬಕ್ಕೆ ಬಾಗಿನ ನೋಡೋಕೆ ಬರ್ತೀನಲ್ಲ, ಆಗ ತಗೋತೀನಿ.”

ಆಗಲೇ ಬಾ ಎಂದೆ. ಫೋನಿಟ್ಟು ಹೋಗಿ ಚೀಲ ಮೂಸಿ ನೋಡಿದೆ. ಹೆಂಡತಿ, “ನನ್ನ ತಮ್ಮಂದು ಅಂತ ತಾನೇ ನಿಮಗಿಷ್ಟು ಉರಿ, ಸುಮ್ನೆ ಬಿಡಿ” ಎಂದಳು. ಬಿಟ್ಟೆ. ನಿನ್ನೆ ನಮ್ಮಲ್ಲಿ ಮೂರು ಇಂಚು ಇಪ್ಪತ್ತು ಸೆಂಟು. ಚೀಲ ಬೂದಿ ಬಣ್ಣಕ್ಕೆ ತಿರುಗುತ್ತಿದೆ.